ಭಾಗಗಳೆಲ್ಲ ಸರಿ, ಪರದೆ ಮಾತ್ರ ಕಪ್ಪು: ಕರಾವಳಿಯ ಸ್ಟುಡಿಯೋ ಕಂಪ್ಯೂಟರ್ ಒಂದರ ಪ್ರಕರಣ

ಈ ಪ್ರಕರಣ ಕುಮಟಾ, ಹೊನ್ನಾವರ ಕಡೆಯ ಒಂದು ಸಣ್ಣ ವಿಡಿಯೋ ಸ್ಟುಡಿಯೋದ್ದು. ಮಾಲಕರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಅಂಗಡಿ ಯಾವುದೂ ಇಲ್ಲಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಕಂಪ್ಯೂಟರ್‌ಗೆ ಸೇರಿದ ವಿವರ ಮಾತ್ರ ಇದ್ದ ಹಾಗೇ ಇದೆ. ಬಿಡಿಭಾಗ ಒಂದೊಂದಾಗಿ ಕೂಡಿಸಿ ಕಂಪ್ಯೂಟರ್ ಕಟ್ಟಲು ಹೊರಟವರಿಗೆ, ಅದರಲ್ಲೂ ಬಿಡಿಭಾಗ ಸಿಗುವ ಪೇಟೆಯಿಂದ ದೂರ ಇರುವವರಿಗೆ, ಇದು ಉಪಯೋಗಕ್ಕೆ ಬರಬಹುದು.

ಹಿನ್ನೆಲೆ

ಮಾಲಕರು ನಲವತ್ತು ದಾಟಿದವರು. ಮದುವೆ, ಉಪನಯನದ ವಿಡಿಯೋ ಮಾಡುತ್ತಾರೆ. ಮನಸ್ಸು ಇರುವುದು ಮಾತ್ರ ಯಕ್ಷಗಾನದಲ್ಲಿ. ರಾತ್ರಿಯಿಡೀ ನಡೆಯುವ ಆಟಕ್ಕೆ ಎರಡು ಕ್ಯಾಮರಾ ಇಟ್ಟು ಪೂರ್ತಿ ಚಿತ್ರೀಕರಿಸುತ್ತಾರೆ. ಮಳೆ ಹಿಡಿದ ಮೇಲೆ ಬಯಲಾಟ ನಿಲ್ಲುತ್ತದೆ, ಮದುವೆಗಳೂ ಕಡಿಮೆ. ಆಗ ಕೂತು ಎಡಿಟ್ ಮಾಡುವುದು ಅವರ ರೂಢಿ. ಹಳೆಯ ಲ್ಯಾಪ್‌ಟಾಪ್‌ಗೆ ಎರಡು ಕ್ಯಾಮರಾದ 4ಕೆ ವಿಡಿಯೋ ಒಟ್ಟಿಗೆ ಹಾಕಿದರೆ ಅದು ನಿಂತೇ ಬಿಡುತ್ತಿತ್ತು. ಹಾಗಾಗಿ ಡೆಸ್ಕ್‌ಟಾಪ್ ಕಟ್ಟಿಸುವ ಯೋಚನೆ ಬಂತು.

ಒಂದೇ ಅಂಗಡಿಯಲ್ಲಿ ಪೂರ್ತಿ ಕಟ್ಟಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅಷ್ಟು ದುಡ್ಡು ಒಮ್ಮೆಗೇ ಕೈಯಲ್ಲಿರಲಿಲ್ಲ. ಬೆಂಗಳೂರಿನಲ್ಲಿರುವ ಅಳಿಯ ಹೊಸ ಕಂಪ್ಯೂಟರ್ ಮಾಡಿಕೊಂಡಿದ್ದ. ಅವನ ಹಳೆಯ ಬಿ450 ಮಾದರಿಯ ಮದರ್‌ಬೋರ್ಡ್ (ಎಲ್ಲ ಭಾಗ ಕೂರುವ ಮುಖ್ಯ ಹಲಗೆ) ಸುಮ್ನೆ ಬಿದ್ದಿತ್ತು. ಹಬ್ಬಕ್ಕೆ ಊರಿಗೆ ಬರುವಾಗ ಅದನ್ನು ತಂದುಕೊಟ್ಟ. ಜೊತೆಗೆ 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಕಡ್ಡಿ. ಹಳೆಯ ಪ್ರೊಸೆಸರ್ ಮಾತ್ರ ಮೊದಲೇ ಮಾರಿದ್ದ. ಸ್ನೇಹಿತರೊಬ್ಬರು ಎಎಂಡಿ ಕಂಪನಿಯ ರೈಜನ್ 5 5600 ಪ್ರೊಸೆಸರ್ ಚೆನ್ನಾಗಿದೆ ಎಂದರು. ಅದು ಆನ್‌ಲೈನ್‌ನಲ್ಲಿ ಬಂತು. ಕ್ಯಾಬಿನೆಟ್ ಹತ್ತಿರದ ಪೇಟೆಯದ್ದು, ಅದರ ಒಳಗೇ ಒಂದು ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆ) ಇತ್ತು. ಗ್ರಾಫಿಕ್ಸ್ ಕಾರ್ಡ್ ಮುಂದಿನ ತಿಂಗಳು ನೋಡೋಣ ಎಂದುಕೊಂಡಿದ್ದರು.

ಗಮನಿಸಿ, ಇದರಲ್ಲಿ ಕಳಪೆ ಭಾಗ ಅಂತ ಹೇಳಬಹುದಾದದ್ದು ಎಸ್‌ಎಂಪಿಎಸ್ ಒಂದೇ. ಬೋರ್ಡ್ ಒಳ್ಳೆಯದು, ಪ್ರೊಸೆಸರ್ ಒಳ್ಳೆಯದು, ರ‍್ಯಾಮ್ ಒಳ್ಳೆಯದು. ಸಲಹೆ ಕೊಟ್ಟವರೂ ತಿಳಿದವರೇ. ಆದರೆ ಪ್ರತಿಯೊಬ್ಬರೂ ತಮಗೆ ಗೊತ್ತಿದ್ದ ಒಂದು ಭಾಗದ ಬಗ್ಗೆ ಹೇಳಿದ್ದರು. ಪೂರ್ತಿ ಪಟ್ಟಿಯನ್ನು ಎದುರಿಗಿಟ್ಟುಕೊಂಡು ನೋಡಿದವರು ಯಾರೂ ಇರಲಿಲ್ಲ.

ಸಮಸ್ಯೆ

ಜೋಡಿಸಿ ಸ್ವಿಚ್ ಹಾಕಿದರೆ ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ. ಮಾನಿಟರ್‌ನಲ್ಲಿ ಮಾತ್ರ ಸಿಗ್ನಲ್ ಇಲ್ಲ ಎಂಬ ಬರಹ.

ಪೇಟೆಯ ರಿಪೇರಿ ಹುಡುಗ ಬಂದು ನೋಡಿದ. ಮೊದಲು ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರ್‌ನಿಂದ ಉಜ್ಜಿದ. ನಮ್ಮ ಕಡೆ ಎಲ್ಲರೂ ಮೊದಲು ಮಾಡುವ ಕೆಲಸ ಇದೇ. ಅದಕ್ಕೆ ಕಾರಣವೂ ಇದೆ. ಕಡಲ ಗಾಳಿಯಲ್ಲಿ ಉಪ್ಪಿದೆ, ಮಳೆಗಾಲದಲ್ಲಿ ತೇವ ಜಾಸ್ತಿ. ಕೆಲವು ದಿನ ಹಚ್ಚದೆ ಇಟ್ಟ ಕಂಪ್ಯೂಟರ್‌ನಲ್ಲಿ ಅಂಚಿನ ಮೇಲೆ ಕಿಲುಬು ಕೂತು ಸಂಪರ್ಕ ತಪ್ಪುತ್ತದೆ. ಉಜ್ಜಿದರೆ ಹೆಚ್ಚಿನ ಸಲ ಸರಿಯೂ ಆಗುತ್ತದೆ. ಹಾಗಾಗಿ ಹುಡುಗನ ಮೇಲೆ ನನಗೆ ಆಕ್ಷೇಪ ಇಲ್ಲ. ಇಲ್ಲಿ ಅದರಿಂದ ಪ್ರಯೋಜನ ಆಗಲಿಲ್ಲ ಅಷ್ಟೆ. ಒಂದೊಂದೇ ಕಡ್ಡಿ ಹಾಕಿ ನೋಡಿದ. ಬೋರ್ಡ್‌ನ ಚಿಕ್ಕ ಬ್ಯಾಟರಿ ತೆಗೆದು ಹಾಕಿದ. ಕೇಬಲ್ ಬದಲಿಸಿದ. ಕೊನೆಗೆ ಬೋರ್ಡ್ ಹೋಗಿದೆ ಎಂದ.

ಅಲ್ಲಿಂದ ವಿಷಯ ನನ್ನ ಬಳಿ ಬಂತು. ಫೋನಿನಲ್ಲಿ ಮಾಲಕರು ಕೇಳಿದ್ದು ಇಷ್ಟು: "ಬೋರ್ಡ್ ಹೋಗಿದೆ ಅಂತಾರೆ ಮಾರಾಯ್ರೆ. ಪೇಟೆಯಲ್ಲಿ ಒಂದು ಎಚ್610 ಬೋರ್ಡ್ ಇದೆಯಂತೆ. ತಗೊಂಡ್ಬಿಡ್ಲಾ?"

"ತಡೀರಿ, ದುಡ್ಡು ಕೊಡಬೇಡಿ" ಎಂದೆ. ಎಚ್610 ಇಂಟೆಲ್ ಪ್ರೊಸೆಸರ್‌ನ ಬೋರ್ಡ್. ಅದರ ಸಾಕೆಟ್, ಅಂದರೆ ಪ್ರೊಸೆಸರ್ ಕೂರುವ ಜಾಗ, ಎಲ್‌ಜಿಎ1700. ಅದರಲ್ಲಿ ಪಿನ್‌ಗಳು ಬೋರ್ಡ್‌ನಲ್ಲೇ ಇರುತ್ತವೆ. ಇವರ ರೈಜನ್ ಎಎಂ4 ಸಾಕೆಟ್‌ನದ್ದು, 1331 ಪಿನ್ ಪ್ರೊಸೆಸರ್‌ನ ಅಡಿಯಲ್ಲೇ ಇವೆ. ಒಂದರಲ್ಲಿ ಇನ್ನೊಂದು ಕೂರುವುದೇ ಇಲ್ಲ. ಬೋರ್ಡ್ ಹೋಗಿದ್ದೇ ನಿಜವಾದರೂ ಆ ಬೋರ್ಡ್ ಇವರಿಗೆ ಪ್ರಯೋಜನ ಇರಲಿಲ್ಲ.

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಾದರೆ ತಪ್ಪು ಭಾಗ ಕೊಂಡವರು ಪಕ್ಕದ ಅಂಗಡಿಗೆ ಹೋಗಿ ಕೇಳಬಹುದು. ಇಲ್ಲಿ ತಪ್ಪು ಭಾಗ ಬಂತೆಂದರೆ ಪಾರ್ಸೆಲ್ ವಾಪಸ್ ಕಳಿಸಬೇಕು, ಇಲ್ಲವೇ ಹುಬ್ಬಳ್ಳಿ ಬಸ್ಸು ಹತ್ತಬೇಕು. ಘಟ್ಟದಲ್ಲಿ ಗುಡ್ಡ ಕುಸಿದರೆ ಅದೂ ಇಲ್ಲ. ಆದ್ದರಿಂದ ಈ ಕಡೆ ಕೊಳ್ಳುವ ಮೊದಲು ಓದಿ ನೋಡುವ ಒಂದು ಗಂಟೆಗೆ ಬೆಲೆ ಜಾಸ್ತಿ.

ಕಾಗದದ ಮೇಲೆ ಸಿಕ್ಕಿದ್ದು

ಪ್ರತಿ ಭಾಗದ ಪೂರ್ತಿ ಮಾದರಿ ಹೆಸರು ಬರೆದು ಕಳಿಸಲು ಹೇಳಿದೆ. "ರೈಜನ್" ಎಂದರೆ ಸಾಲದು, ಕೊನೆಯ ಅಕ್ಷರ, ಅಂಕಿ ಎಲ್ಲ ಬೇಕು. ಬೋರ್ಡ್ ಮೇಲೆ ಅಂಟಿಸಿದ ಚೀಟಿಗಳ ಫೋಟೋ ಬೇಕು. ಸ್ಕ್ರೂಡ್ರೈವರ್ ಯಾರೂ ಮುಟ್ಟಬಾರದು.

ಪಟ್ಟಿ ನೋಡಿದಾಗ ಎರಡು ವಿಷಯ ಕಂಡವು.

ರೈಜನ್ 5 5600ರಲ್ಲಿ ಒಳಗೆ ಗ್ರಾಫಿಕ್ಸ್ ಇಲ್ಲ. ಅದೇ ಹೆಸರಿನ ಕೊನೆಗೆ ಜಿ ಅಕ್ಷರ ಇರುವ 5600ಜಿಯಲ್ಲಿ ಇದೆ. ಬೋರ್ಡ್ ಹಿಂದೆ ಎಚ್‌ಡಿಎಂಐ ಕಿಂಡಿ ಇದ್ದರೂ ಅದಕ್ಕೆ ಚಿತ್ರ ಕೊಡಬೇಕಾದದ್ದು ಪ್ರೊಸೆಸರ್. ಹಾಗಾಗಿ ಗ್ರಾಫಿಕ್ಸ್ ಕಾರ್ಡ್ ಹಾಕುವ ತನಕ ಈ ಕಂಪ್ಯೂಟರ್‌ನಲ್ಲಿ ಚಿತ್ರ ಬರುವುದು ಸಾಧ್ಯವೇ ಇರಲಿಲ್ಲ. ಇಂಟೆಲ್ ಕೊಳ್ಳುವವರೂ ಇದನ್ನು ನೋಡಬೇಕು. ಅಲ್ಲಿ ಹೆಸರಿನ ಕೊನೆಗೆ ಎಫ್ ಇದ್ದರೆ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ.

ಇನ್ನೊಂದು ಬಯೋಸ್, ಅಂದರೆ ಕಂಪ್ಯೂಟರ್ ಹಚ್ಚಿದ ಕೂಡಲೇ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ತಂತ್ರಾಂಶ. ಬಿ450 ಬೋರ್ಡ್‌ಗಳು 2018ರಲ್ಲಿ ಬಂದವು. ರೈಜನ್ 5 5600 ಬಂದದ್ದು 2022ರಲ್ಲಿ. ಎರಡಕ್ಕೂ ಸಾಕೆಟ್ ಎಎಂ4. ಪ್ರೊಸೆಸರ್ ಸರಿಯಾಗಿ ಕೂರುತ್ತದೆ. ಆದರೆ ಬೋರ್ಡ್‌ನ ಬಯೋಸ್ ಹಳೆಯದಾದರೆ ಆ ಪ್ರೊಸೆಸರ್ ಯಾವುದೆಂದು ಬೋರ್ಡ್‌ಗೆ ಗೊತ್ತಾಗುವುದಿಲ್ಲ. ಬೋರ್ಡ್ ತಯಾರಕರ ವೆಬ್‌ಸೈಟ್‌ನಲ್ಲಿ ಪ್ರೊಸೆಸರ್‌ಗಳ ಪಟ್ಟಿ ಇರುತ್ತದೆ. ಯಾವ ಪ್ರೊಸೆಸರ್‌ಗೆ ಯಾವ ಬಯೋಸ್ ಆವೃತ್ತಿಯಿಂದ ಬೆಂಬಲ ಎಂದು ಅದರಲ್ಲೇ ಬರೆದಿರುತ್ತದೆ. ಚೀಟಿಯಲ್ಲಿದ್ದ ಆವೃತ್ತಿ ಅದಕ್ಕಿಂತ ಬಹಳ ಹಿಂದಿನದು. ಅಳಿಯನಿಗೆ ಫೋನ್ ಹೋಯಿತು. "ಇಲ್ಲ ಮಾವ, ಬಯೋಸ್ ನಾನು ಮುಟ್ಟಿದ್ದೇ ಇಲ್ಲ. ತಂದ ದಿನ ಹೇಗಿತ್ತೋ ಹಾಗೇ ಇದೆ" ಎಂದ.

ಈ ಪ್ರಕರಣದಲ್ಲಿ ನಾನು ಎಲ್ಲಕ್ಕಿಂತ ಮುಖ್ಯ ಎಂದುಕೊಂಡಿರುವುದು ಇದನ್ನೇ. ಪರದೆ ಕಪ್ಪಾಗಲು ಎರಡು ಬೇರೆ ಬೇರೆ ಕಾರಣ ಇದ್ದವು, ಯಾವುದೇ ಒಂದಿದ್ದರೂ ಸಾಕಿತ್ತು. ಎರಡು ಬೀಗ ಹಾಕಿದ ಬಾಗಿಲು ಅದು. ಯಾರಾದರೂ ಒಂದು ಗ್ರಾಫಿಕ್ಸ್ ಕಾರ್ಡ್ ತಂದು ಹಾಕಿದ್ದರೆ ಬಯೋಸ್‌ನ ಕಾರಣಕ್ಕೆ ಪರದೆ ಕಪ್ಪಾಗಿಯೇ ಇರುತ್ತಿತ್ತು. "ಕಾರ್ಡ್ ಹಾಕಿದರೂ ಆಗಲಿಲ್ಲ, ಹಾಗಾದರೆ ಅದು ಕಾರಣ ಅಲ್ಲ" ಎಂದು ಕಾರ್ಡ್ ತೆಗೆದಿಡುತ್ತಿದ್ದರು. ಬಯೋಸ್ ಹೊಸದು ಮಾಡಿ ಕಾರ್ಡ್ ಇಲ್ಲದೆ ನೋಡಿದ್ದರೂ ಹಾಗೇ. ಒಂದೊಂದೇ ಬದಲಿಸಿ ನೋಡುವುದು ರಿಪೇರಿಯ ಒಳ್ಳೆಯ ಪದ್ಧತಿ. ಆದರೆ ಎಂದೂ ಒಟ್ಟಿಗೆ ಓಡದ ಭಾಗಗಳಲ್ಲಿ ಆ ಪದ್ಧತಿ ದಾರಿ ತಪ್ಪಿಸುತ್ತದೆ. ಮೊನ್ನೆಯವರೆಗೆ ಓಡುತ್ತಿದ್ದ ಕಂಪ್ಯೂಟರ್ ನಿಂತರೆ ಏನೋ ಒಂದು ಕೆಟ್ಟಿದೆ ಎಂದು ಹಿಡಿಯಬಹುದು. ಹೊಸದಾಗಿ ಕೂಡಿಸಿದ್ದರಲ್ಲಿ ಏನೂ ಕೆಡದೆ ಹೊಂದಾಣಿಕೆ ಮಾತ್ರ ತಪ್ಪಿರಬಹುದು, ಅದೂ ಒಂದಕ್ಕಿಂತ ಹೆಚ್ಚು ಕಡೆ.

ಏನು ಮಾಡುವುದು?

ಪ್ರೊಸೆಸರ್ ವಾಪಸ್ ಕೊಟ್ಟು 5600ಜಿ ತರಿಸುವುದು ಒಂದು ದಾರಿ. ಹಿಂದಿರುಗಿಸುವ ಗಡುವು ಹತ್ತಿರ ಬಂದಿತ್ತು, ಹಾಗಾಗಿ ಇದನ್ನೇ ಮೊದಲು ತೀರ್ಮಾನಿಸಬೇಕಿತ್ತು. ಬೇಡ ಎಂದೆವು. 5600ಜಿಗೂ ಹೊಸ ಬಯೋಸ್ ಬೇಕೇ ಬೇಕು. ಅದರ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, 5600ರದ್ದು 32. ಹೇಗೂ ಎಡಿಟಿಂಗ್‌ಗೆ ಬೇರೆ ಕಾರ್ಡ್ ಬರುವುದಿದೆ. ಬೇರೆ ಬೋರ್ಡ್ ಕೊಳ್ಳುವುದು ಇನ್ನೊಂದು ದಾರಿ, ಅದಕ್ಕೆ ಖರ್ಚು ಜಾಸ್ತಿ. ಇರುವ ಬೋರ್ಡ್‌ಗೇ ಬಯೋಸ್ ಅಪ್‌ಡೇಟ್ ಮಾಡುವುದೆಂದು ನಿಶ್ಚಯವಾಯಿತು.

ಅದರಲ್ಲೂ ಒಂದು ತೊಡಕು. ಕೆಲವು ಬೋರ್ಡ್‌ಗಳಲ್ಲಿ ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್ ಚುಚ್ಚಿ ಒಂದು ಗುಂಡಿ ಒತ್ತಿ ಬಯೋಸ್ ಹಾಕಬಹುದು. ಇದರಲ್ಲಿ ಆ ಗುಂಡಿ ಇರಲಿಲ್ಲ. ಹಾಗಾಗಿ ಹಳೆಯ ಬಯೋಸ್‌ಗೆ ಗುರುತು ಸಿಗುವ ಹಳೆಯ ಪ್ರೊಸೆಸರ್ ಒಂದನ್ನು ಎರವಲು ತರಬೇಕಿತ್ತು. ಅದರ ಒಳಗೆ ಗ್ರಾಫಿಕ್ಸ್ ಕೂಡ ಇರಬೇಕು. ಶಿರಸಿಯ ಪರಿಚಯದವರೊಬ್ಬರ ಕಂಪ್ಯೂಟರ್‌ನಲ್ಲಿ ರೈಜನ್ 3 2200ಜಿ ಇತ್ತು. ಇದು 2018ರ ಫೆಬ್ರುವರಿಯದ್ದು, ಬಿ450 ಬೋರ್ಡ್‌ಗಿಂತ ಮೊದಲೇ ಬಂದದ್ದು. ಯಾವ ಬಿ450 ಬಯೋಸ್ ಆದರೂ ಇದನ್ನು ಗುರುತಿಸುತ್ತದೆ ಎಂಬ ಧೈರ್ಯ ಇತ್ತು. 2019ರ 3200ಜಿ ಬೇರೆ ಕಡೆ ಸಿಗುತ್ತಿತ್ತು. ಅದಕ್ಕೂ ಹಳೆಯ ಬಯೋಸ್ ಸಾಕಾಗದೆ ಹೋಗಬಹುದೆಂದು ಬಿಟ್ಟೆವು.

ಎರವಲು ಪ್ರೊಸೆಸರ್ ತೆಗೆಯುವಾಗ ಒಂದು ಎಚ್ಚರ ಬೇಕು. ಎಎಂ4ರಲ್ಲಿ ಕೂಲರ್ ಅಡಿಯ ಪೇಸ್ಟ್ ಒಣಗಿದ್ದರೆ, ಕೂಲರ್ ಎತ್ತಿದಾಗ ಪ್ರೊಸೆಸರ್ ಕೂಡ ಸಾಕೆಟ್‌ನಿಂದ ಕಿತ್ತು ಬರುತ್ತದೆ. ಪಿನ್ ಬಗ್ಗುತ್ತವೆ. ಮೊದಲು ಸ್ವಲ್ಪ ಹೊತ್ತು ಕಂಪ್ಯೂಟರ್ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಕೂಲರನ್ನು ಅತ್ತಿತ್ತ ನಿಧಾನ ತಿರುಚಿ ಆಮೇಲೆ ಎತ್ತಬೇಕು. ಬೇರೆಯವರ ವಸ್ತು, ಹಾಗಾಗಿ ಇದನ್ನು ಅವಸರ ಇಲ್ಲದೆ ಮಾಡಿದೆವು.

ಮಳೆ ಮತ್ತು ಬಯೋಸ್

ದೇವಿಮನೆ ಘಟ್ಟ ಇಳಿದು ಪ್ರೊಸೆಸರ್ ಬಂದ ದಿನ ಜೋರು ಮಳೆ. ಕರೆಂಟ್ ಬರುವುದು, ಹೋಗುವುದು. 2200ಜಿ ಹಾಕಿದ ಕೂಡಲೇ ಪರದೆಯಲ್ಲಿ ಚಿತ್ರ ಬಂತು. ಬೋರ್ಡ್ ಗಟ್ಟಿಯಾಗಿಯೇ ಇದೆ ಎಂದು ಆಗ ಖಾತ್ರಿಯಾಯಿತು. ಮಾಲಕರಿಗೆ ಅಲ್ಲೇ ಮುಗಿಸಿಬಿಡುವ ಆಸೆ. ಬಯೋಸ್ ಬರೆಯಲು ಬೇಕಾಗುವುದು ಕೆಲವೇ ನಿಮಿಷ. ಆದರೆ ಆ ಕೆಲವು ನಿಮಿಷದಲ್ಲಿ ಕರೆಂಟ್ ಹೋದರೆ ಬೋರ್ಡ್ ಏಳದೇ ಹೋಗಬಹುದು.

ಯುಪಿಎಸ್ ಇತ್ತು, ಆದರೆ ಬ್ಯಾಟರಿ ಹಳೆಯದು. ಪರೀಕ್ಷೆಗೆಂದು ಗೋಡೆಯ ಸ್ವಿಚ್ ತೆಗೆದು ನೋಡಿದರೆ ಸ್ವಲ್ಪ ಹೊತ್ತಿಗೇ ಕೂಗಲು ಶುರು ಮಾಡಿತು. ಆ ದಿನ ಬೇಡ ಎಂದು ನಿಲ್ಲಿಸಿದೆವು. ಬ್ಯಾಟರಿ ಬದಲಿಸಿದ ಮೇಲೆಯೇ ಬಯೋಸ್‌ಗೆ ಕೈ ಹಾಕಿದ್ದು. ತಡವಾಯಿತು ನಿಜ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಬಯೋಸ್ ಅಪ್‌ಡೇಟ್ ಎಂದರೆ ಮೊದಲು ಯುಪಿಎಸ್ ವಿಚಾರ, ಆಮೇಲೆ ಕಂಪ್ಯೂಟರ್ ವಿಚಾರ. ಈ ತಡೆ ಸರಿಯಾದದ್ದೇ ಎಂದು ಈಗಲೂ ಅನ್ನಿಸುತ್ತದೆ.

ಉಳಿದದ್ದು ಸರಳ. ಪೆನ್‌ಡ್ರೈವ್‌ಗೆ ಫ್ಯಾಟ್32 ಫಾರ್ಮ್ಯಾಟ್. ಫೈಲ್ ಆ ಬೋರ್ಡ್‌ನದ್ದೇ ಹೌದೋ, ರಿವಿಷನ್ ಸಂಖ್ಯೆ ಸರಿಯೋ ಎಂದು ಎರಡು ಸಲ ನೋಡುವುದು. ನಡುವೆ ಬೇರೊಂದು ಆವೃತ್ತಿ ಹಾಕಬೇಕೆಂದು ತಯಾರಕರು ಬರೆದಿದ್ದಾರೋ ಎಂದು ಓದುವುದು. ಇದರಲ್ಲಿ ಹಾಗೆ ಬರೆದಿತ್ತು, ಎರಡು ಹಂತದಲ್ಲಿ ಹಾಕಿದೆವು. ನಂತರ 5600 ಕೂರಿಸಿ, ಹಳೆಯ ಜಿಟಿ 710 ಕಾರ್ಡ್ ಒಂದನ್ನು ಚುಚ್ಚಿ ಹಚ್ಚಿದಾಗ ಪರದೆ ಬಂತು. ಆ ಕಾರ್ಡ್‌ಗೆ ಬೇರೆ ವಿದ್ಯುತ್ ವೈರ್ ಬೇಡ, ಸ್ಲಾಟ್‌ನಿಂದ ಸಿಗುವುದೇ ಸಾಕು. ಇಂಥ ಒಂದು ಹಳೆಯ ಕಾರ್ಡ್ ರಿಪೇರಿ ಮಾಡುವವರ ಬಳಿ ಇರಲೇಬೇಕು.

ಕಾರ್ಡ್ ಮತ್ತು ಎಸ್‌ಎಂಪಿಎಸ್

ಇನ್ನು ನಿಜವಾದ ಗ್ರಾಫಿಕ್ಸ್ ಕಾರ್ಡ್. ಆರ್‌ಟಿಎಕ್ಸ್ 3060ರ 12 ಜಿಬಿ ಮಾದರಿ, ಆರ್‌ಟಿಎಕ್ಸ್ 4060ರ 8 ಜಿಬಿ ಮಾದರಿ, ಇವೆರಡರ ನಡುವೆ ಚರ್ಚೆ. 4060 ಹೊಸದು, 115 ವ್ಯಾಟ್ ಮಾತ್ರ. 3060ಕ್ಕೆ 170 ವ್ಯಾಟ್. ಕರೆಂಟ್ ದೃಷ್ಟಿಯಿಂದ 4060 ಮೇಲು. ಆದರೆ ಅದು ಪಿಸಿಐಇಯ (ಕಾರ್ಡ್ ಮತ್ತು ಬೋರ್ಡ್ ನಡುವೆ ಮಾಹಿತಿ ಓಡಾಡುವ ದಾರಿ) 8 ಲೇನ್ ಮಾತ್ರ ಬಳಸುತ್ತದೆ. ಬಿ450 ಬೋರ್ಡ್ ಕಾರ್ಡ್‌ಗಿಂತ ಹಿಂದಿನ ತಲೆಮಾರಿನ ಪಿಸಿಐಇ 3.0ರದ್ದು, ಹಾಗಾಗಿ ಕಾರ್ಡ್‌ಗೆ ಸಿಗಬೇಕಾದ ದಾರಿಯ ಅಗಲ ಅರ್ಧಕ್ಕೆ ಇಳಿಯುತ್ತದೆ. 3060 16 ಲೇನ್ ಬಳಸುತ್ತದೆ. ಮಾಲಕರು ರಾತ್ರಿಯ ಆಟದ 4ಕೆ ವಿಡಿಯೋಗೆ ನಾಯ್ಸ್ (ಕತ್ತಲಲ್ಲಿ ಚಿತ್ರದ ಮೇಲೆ ಮೂಡುವ ಚುಕ್ಕೆ) ತೆಗೆಯುವ ಎಫೆಕ್ಟ್ ಹಾಕುವವರು, ಅದಕ್ಕೆ ಕಾರ್ಡ್‌ನ ಮೆಮೊರಿ ಜಾಸ್ತಿ ಬೇಕು. 3060 ಎಂದು ತೀರ್ಮಾನಿಸಿದೆವು. ಹೊಸ ಬೋರ್ಡ್ ಇದ್ದಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆ.

ಕ್ಯಾಮರಾವನ್ನೂ ಕೇಳಿಕೊಂಡೆ. ಅವರದ್ದು 8 ಬಿಟ್ 4:2:0 ಫೈಲ್ (ಬಣ್ಣದ ವಿವರ ಎಷ್ಟು ಉಳಿಸುತ್ತದೆ ಎಂಬುದರ ಲೆಕ್ಕ ಇದು). ಹಾಗಾಗಿ ತೊಂದರೆ ಇಲ್ಲ. 10 ಬಿಟ್ 4:2:2 ಎಚ್.265 (ವಿಡಿಯೋ ಕುಗ್ಗಿಸುವ ಒಂದು ವಿಧಾನ) ಬಳಸುವವರಾಗಿದ್ದರೆ ಈ ಕಾರ್ಡ್ ಅದನ್ನು ತಾನಾಗಿ ಬಿಡಿಸುವುದಿಲ್ಲ, ಒಳಗೆ ಗ್ರಾಫಿಕ್ಸ್ ಇರುವ 11ನೇ ತಲೆಮಾರಿನ ಮತ್ತು ನಂತರದ ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್ ಬಿಡಿಸುತ್ತದೆ. ಆಗ ಬೋರ್ಡ್‌ನಿಂದ ಹಿಡಿದು ಎಲ್ಲ ಬದಲಾಗುತ್ತಿತ್ತು. ಕ್ಯಾಮರಾದ ಒಂದು ಸೆಟ್ಟಿಂಗ್ ಪೂರ್ತಿ ಕಂಪ್ಯೂಟರನ್ನೇ ಬದಲಿಸಬಹುದು, ಅಲ್ವಾ? ಇದನ್ನು ಅಂಗಡಿಯವರು ಕೇಳುವುದು ಅಪರೂಪ.

ಆಮೇಲೆ ಎಸ್‌ಎಂಪಿಎಸ್. ಹೊರಗಡೆ 450 ವ್ಯಾಟ್ ಎಂದು ದೊಡ್ಡದಾಗಿ ಬರೆದಿತ್ತು. ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಸಾಲಿನ ಎದುರು 18 ಆಂಪ್. 12ನ್ನು 18ರಿಂದ ಗುಣಿಸಿದರೆ 216 ವ್ಯಾಟ್. ಕಾರ್ಡ್ ಮತ್ತು ಪ್ರೊಸೆಸರ್ ಎರಡೂ ಈ 12 ವೋಲ್ಟ್ ಸಾಲಿನಿಂದಲೇ ಎಳೆಯುತ್ತವೆ. ಕಾರ್ಡ್‌ಗೆ 170, ಪ್ರೊಸೆಸರ್‌ಗೆ 65ಕ್ಕಿಂತ ಸ್ವಲ್ಪ ಜಾಸ್ತಿ. ಅಲ್ಲಿಗೇ ಮಿತಿ ದಾಟಿತು. ಕಾರ್ಡ್‌ಗೆ ಬೇಕಾದ 8 ಪಿನ್ ವೈರ್ ಕೂಡ ಅದರಲ್ಲಿ ಇರಲಿಲ್ಲ. ಒಂದು ಅಂಗಡಿಯವರು ಹಾರ್ಡ್ ಡಿಸ್ಕ್‌ನ ಮೋಲೆಕ್ಸ್ ವೈರ್‌ನಿಂದ 8 ಪಿನ್ ಮಾಡುವ ಅಡಾಪ್ಟರ್ ಕೊಡುತ್ತೇನೆ ಎಂದರು. ಇದನ್ನು ಖಂಡಿತ ಬೇಡ ಎಂದೆ. 8 ಪಿನ್ ಕನೆಕ್ಟರ್‌ನ ಮಿತಿ 150 ವ್ಯಾಟ್. ಅಷ್ಟನ್ನು ಅಗ್ಗದ ಎಸ್‌ಎಂಪಿಎಸ್‌ನ ತೆಳು ವೈರ್‌ನಿಂದ ಎಳೆದರೆ ಕನೆಕ್ಟರ್ ಕಾಯುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. ಎಡಿಟ್ ಮಾಡಿದ ವಿಡಿಯೋ ರೆಂಡರ್ ಆಗಲಿ ಎಂದು ರಾತ್ರಿ ಹಚ್ಚಿಟ್ಟು ಮಲಗುವ ಮನೆಯಲ್ಲಿ ಇದು ದುಡ್ಡಿನ ಪ್ರಶ್ನೆ ಅಲ್ಲ. 3060ಕ್ಕೆ ತಯಾರಕರು ಹೇಳುವುದು 550 ವ್ಯಾಟ್. 80 ಪ್ಲಸ್ ಬ್ರಾಂಜ್ (ಕರೆಂಟ್ ಪೋಲು ಕಡಿಮೆ ಎಂಬ ಪ್ರಮಾಣಪತ್ರ) ಇರುವ 550 ವ್ಯಾಟ್‌ನದ್ದೇ ಕೊಂಡರು.

ಕ್ಯಾಬಿನೆಟ್ ಒಳಗೆ ಟೇಪ್ ಹಿಡಿದು ಅಳತೆ ತೆಗೆಸಿದೆ. ಮುಂದಿನ ಫ್ಯಾನ್‌ನ 25 ಮಿಲಿಮೀಟರ್ ದಪ್ಪ ಕಳೆದರೆ, ಮೂರು ಫ್ಯಾನಿನ ಉದ್ದದ ಕಾರ್ಡ್ ಹಿಡಿಸುವ ಹಾಗಿರಲಿಲ್ಲ. ಎರಡು ಫ್ಯಾನಿನದ್ದು ತರಿಸಿದರು.

ಏನಾಯಿತು

ಕಂಪ್ಯೂಟರ್ ಓಡಿತು. ಮಳೆಗಾಲ ಮುಗಿಯುವ ಮೊದಲೇ ಆ ವರ್ಷದ ಆಟಗಳ ಎಡಿಟಿಂಗ್‌ನ ದೊಡ್ಡ ಪಾಲು ಮುಗಿಯಿತು. ಲೆಕ್ಕ ಹಾಕಿದರೆ ಎಸ್‌ಎಂಪಿಎಸ್ ಮತ್ತು ಯುಪಿಎಸ್‌ಗೆ ಅಂದುಕೊಂಡದ್ದಕ್ಕಿಂತ ಹೆಚ್ಚು ಹೋಯಿತು, ಹೊಸ ಬೋರ್ಡ್‌ನ ದುಡ್ಡು ಉಳಿಯಿತು. ಯುಪಿಎಸ್ ವಿಚಾರ ಮೊದಲ ಪಟ್ಟಿಯಲ್ಲಿ ಇರಲೇ ಇಲ್ಲ. 600 ವಿಎ ಎಂದು ಬರೆದಿರುವುದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಕೊಡುತ್ತದೆ. ರೆಂಡರ್ ನಡೆಯುವಾಗ ಮಾನಿಟರ್ ಸೇರಿ ಹೊರೆ ಆ ಅಂಚಿಗೆ ಬರುತ್ತಿತ್ತು, ಕರೆಂಟ್ ಹೋದಾಗ ಎಲ್ಲ ಒಮ್ಮೆಗೇ ಆಫ್. ಬ್ಯಾಟರಿ ಬದಲಿಸಿದ್ದರೂ ಕೊನೆಗೆ 1000 ವಿಎದ್ದು ತಂದರು. ನನ್ನ ಅಭಿಪ್ರಾಯದಲ್ಲಿ ಈ ಕಡೆ ಯುಪಿಎಸ್ ಕೂಡ ಕಂಪ್ಯೂಟರ್‌ನ ಒಂದು ಭಾಗವೇ. ಎಸ್‌ಎಂಪಿಎಸ್ ಆರಿಸುವಾಗಲೇ ಅದನ್ನೂ ಆರಿಸಬೇಕು.

ರ‍್ಯಾಮ್‌ನಲ್ಲೂ ಒಂದು ಚಿಕ್ಕ ಸಂಗತಿ ಇತ್ತು. ಎರಡು ಕಡ್ಡಿಗಳನ್ನು ಪಕ್ಕಪಕ್ಕದ ಸ್ಲಾಟ್‌ನಲ್ಲಿ ಹಾಕಿದ್ದರು. ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡು ಮತ್ತು ನಾಲ್ಕನೆಯದಕ್ಕೆ ಹಾಕಿದ ಮೇಲೆ ಎರಡು ಚಾನೆಲ್, ಅಂದರೆ ಮೆಮೊರಿಗೆ ಎರಡು ದಾರಿ, ಸಿಕ್ಕಿತು. 3200 ಎಂದು ಬರೆದ ರ‍್ಯಾಮ್ 2400ರಲ್ಲಿ ಓಡುತ್ತಿತ್ತು, ಬಯೋಸ್‌ನಲ್ಲಿ ಎಕ್ಸ್‌ಎಂಪಿ (ಬರೆದ ವೇಗದಲ್ಲೇ ಓಡಿಸುವ ಸೆಟ್ಟಿಂಗ್) ಆನ್ ಮಾಡಿದೆವು.

ಈಗ ಮಾಲಕರು ಯಾವುದೇ ಭಾಗಕ್ಕೆ ದುಡ್ಡು ಕೊಡುವ ಮೊದಲು ಪೂರ್ತಿ ಪಟ್ಟಿ ಎದುರಿಗಿಟ್ಟು ಕೇಳುತ್ತಾರೆ. ಸಾಕೆಟ್ ಒಂದೇನಾ? ಬೋರ್ಡ್‌ನ ಪಟ್ಟಿಯಲ್ಲಿ ಈ ಪ್ರೊಸೆಸರ್ ಯಾವ ಬಯೋಸ್‌ನಿಂದ ಇದೆ? ಚಿತ್ರ ಕೊಡುವುದು ಯಾರು? 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪ್? ಕ್ಯಾಬಿನೆಟ್‌ನಲ್ಲಿ ಹಿಡಿಸುತ್ತದಾ?

ಇತ್ತೀಚೆಗೆ ಅಳಿಯ ತನ್ನ ಬಳಿ ಉಳಿದ ಡಿಡಿಆರ್5 ಕಡ್ಡಿ ಕಳಿಸುತ್ತೇನೆ ಎಂದನಂತೆ. ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಪಿನ್. ಆದರೆ ನಡುವಿನ ಕಚ್ಚು ಇರುವ ಜಾಗ ಬೇರೆ, ಎಎಂ4 ಬೋರ್ಡ್‌ನಲ್ಲಿ ಅದು ಕೂರುವುದಿಲ್ಲ. "ಬೇಡ ಮಾರಾಯ, ಅದು ನಮ್ಮ ಬೋರ್ಡ್‌ಗೆ ಬರುವುದಿಲ್ಲ" ಎಂದು ಮಾವನೇ ಅಳಿಯನಿಗೆ ಹೇಳಿದರು.

ಅವರಿಗೆ ಈಗ 32 ಜಿಬಿ ಬೇಕಾಗಿದೆ. 8ರ ಇನ್ನೂ ಎರಡು ಕಡ್ಡಿ ಹಾಕಿದರೆ ಖರ್ಚು ಕಡಿಮೆ. ಆದರೆ ನಾಲ್ಕೂ ಸ್ಲಾಟ್ ತುಂಬಿದಾಗ ಈ ಪ್ರೊಸೆಸರ್‌ಗೆ ಎಎಂಡಿ ಹೇಳುವ ವೇಗ 2933ಕ್ಕೆ ಇಳಿಯುತ್ತದೆ, ಕೆಲವು ಬಗೆಯ ಕಡ್ಡಿಯಲ್ಲಿ 2667ಕ್ಕೆ. ಇದ್ದದ್ದನ್ನು ಮಾರಿ 16ರ ಜೋಡಿ ಕೊಳ್ಳಿ ಎಂದು ಹೇಳಿದ್ದೇನೆ. ಬೋರ್ಡ್ ತಯಾರಕರ ರ‍್ಯಾಮ್ ಪಟ್ಟಿಯಿಂದ ಮಾದರಿ ಸಂಖ್ಯೆಗಳನ್ನು ಗುರುತು ಹಾಕಿ ಅವರೇ ಕಳಿಸಿದ್ದಾರೆ, ಅದರಲ್ಲಿ ಯಾವುದು ಹುಬ್ಬಳ್ಳಿಯಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತಿದ್ದೇವೆ.